ಬೆಳೆ ಕಾವಲಿನ ಬಂದೂಕಿಗೆ ಮರದ ಹಿಡಿಯೋ, ಸಿಂಥೆಟಿಕ್ ಹಿಡಿಯೋ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧವಾದ್ದರಿಂದ, ಕೊಪ್ಪಳದ ಕಡೆಯ ರೈತರಿಗೆ ಪರವಾನಗಿ ಬಂದೂಕು ಬೇಕಾಗುವುದು ಬೆಳೆ ಕಾವಲಿಗೆ.

ಆಕ್ರೋಡ್ ಮರದ ಹಿಡಿ ಭಾರವಿರುವುದರಿಂದ ಗುಂಡು ಹಾರಿದಾಗಿನ ಒದೆತ ಹೆಗಲಿಗೆ ಕಡಿಮೆ ತಾಗುತ್ತದೆ. ಆದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಒಣಗಿ ಕುಗ್ಗುವ ಅದೇ ಮರ, ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ. ರೈಫಲ್ ಆದರೆ ಹಿಡಿ ನಳಿಕೆಯನ್ನು ಒತ್ತಿ ಗುರಿಯೇ ಸರಿಯಬಹುದು. ತಿರುಪಿನ ಸುತ್ತ ಕೂದಲೆಳೆಯಂಥ ಬಿರುಕು ಮೂಡಿದೆಯೇ ಎಂದು ಆಗಾಗ ನೋಡಬೇಕು. ಅಂಗೈ ಬಿಸಿಯಾಗುವಷ್ಟು ಅಗಸೆ ಎಣ್ಣೆ ತಿಕ್ಕುವ ತಾಳ್ಮೆಯುಳ್ಳವರಿಗೆ (ಅಂಥವರು ಈಗ ವಿರಳ) ಮರವೇ ಸರಿ.

ಸಿಂಥೆಟಿಕ್ ಹಿಡಿ ತೇವಕ್ಕೆ ಉಬ್ಬದು, ಎಣ್ಣೆ ಕೇಳದು. ಹಗುರವಾದ್ದರಿಂದ ಒದೆತ ಜೋರು. ಅಗ್ಗದ್ದಾದರೆ ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆ. ಮುರಿದರೆ ಊರ ಬಡಗಿ ಸರಿಪಡಿಸಲಾರ. ಆದರೂ ರಾತ್ರಿಯಿಡೀ ಇಬ್ಬನಿಯಲ್ಲಿ ಹೊಲ ಕಾಯುವವರಿಗೆ ನಾನು ಹೇಳುವುದು ಇದನ್ನೇ.