ಬೇಡದ ಸಾಲು ತೆಗೆಯಲು ಗ್ರೆಪ್: ಬ್ಯಾಡಗಿ ಪೇಟೆಯ ಲೆಕ್ಕದವನ ವಿಮರ್ಶೆ

ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಬಿಲ್ಲಿಂಗ್ ತಂತ್ರಾಂಶದಿಂದ ದಿನದ ಲಾಟ್ ಪಟ್ಟಿ ಟೆಕ್ಸ್ಟ್ ಫೈಲ್ ಆಗಿ ಬರುತ್ತದೆ: ಲಾಟ್ ನಂಬರ್, ರೈತರ ಹೆಸರು, ಊರು, ಚೀಲ, ತೂಕ, ದರ. ಇಷ್ಟೇ ಬಂದಿದ್ದರೆ ತಂಟೆಯೇ ಇರಲಿಲ್ಲ. ಪ್ರತಿ ಪುಟದ ತಲೆಗೆ ಅಂಗಡಿಯ ಹೆಸರು, ಪುಟದ ಸಂಖ್ಯೆ, ಉದ್ದಕ್ಕೆ ಗೀಟು, ಕೊನೆಗೆ 'ಮುಂದಿನ ಪುಟಕ್ಕೆ' ಎಂದು ಒಯ್ದ ಮೊತ್ತ. ಆ ಮೊತ್ತದ ಸಾಲುಗಳೂ ಕೂಡಿಕೆಯಲ್ಲಿ ಸೇರಿಬಿಟ್ಟರೆ ಚೀಲದ ಲೆಕ್ಕ ಎಲ್ಲಿಗೋ ಏರುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಆವಕ ಜೋರಾದಾಗ ಒಂದೊಂದೇ ಸಾಲು ಅಳಿಸುತ್ತ ಕೂರಲು ಯಾರಿಗೆ ಪುರುಸೊತ್ತು?

'ಎಕ್ಸೆಲ್‌ನ್ಯಾಗ ಫಿಲ್ಟರ್ ಹಚ್ಚಿದ್ರ ಆತಲ್ರೀ' ಎಂದು ಪಕ್ಕದ ಅಂಗಡಿಯವರು ಹೇಳುತ್ತಲೇ ಇರುತ್ತಾರೆ. ಆಗುತ್ತದೆ, ಒಂದು ದಿನಕ್ಕೆ. ಮರುದಿನ ಮತ್ತೆ ಅದೇ ಫಿಲ್ಟರ್ ಮೊದಲಿಂದ ಹಚ್ಚಬೇಕು. ಗ್ರೆಪ್ (grep) ಎಂಬ ಸಾಲು ಹುಡುಕುವ ಉಪಕರಣದ ಆದೇಶವನ್ನು ಒಮ್ಮೆ ಬರೆದಿಟ್ಟರೆ ಮುಗಿಯಿತು, ನಾಳೆಯ ಫೈಲಿಗೂ ಅದೇ ನಡೆಯುತ್ತದೆ.

ಕೆನ್ ಥಾಂಪ್ಸನ್ 1973ರಲ್ಲಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಾಗಿ ಬರೆದ ಉಪಕರಣ ಇದು. ಕೇಳಿದ ಪದ ಇರುವ ಸಾಲುಗಳನ್ನು ಹುಡುಕಿ ತೋರಿಸುವುದು ಇದರ ಕೆಲಸ. ಜೊತೆಗೆ ಮೈನಸ್ ವಿ (-v) ಎಂಬ ಆಯ್ಕೆ ಕೊಟ್ಟರೆ ಅವನ್ನು ಬಿಟ್ಟು ಉಳಿದವನ್ನು ಕೊಡುತ್ತದೆ. ಮೂಲ ಫೈಲನ್ನು ತಾನಾಗಿ ಮುಟ್ಟುವುದಿಲ್ಲ, ಇದು ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಫಲಿತಾಂಶವನ್ನು ಮಾತ್ರ ಬೇರೆ ಹೆಸರಿನ ಫೈಲಿಗೇ ಕಳಿಸಬೇಕು. ಅದೇ ಹೆಸರು ಕೊಟ್ಟರೆ ಗ್ರೆಪ್ ಓದುವ ಮೊದಲೇ ಶೆಲ್ (ನಾವು ಬರೆದ ಆದೇಶವನ್ನು ನಡೆಸುವ ತಂತ್ರಾಂಶ) ಆ ಫೈಲನ್ನು ಖಾಲಿ ಮಾಡಿರುತ್ತದೆ.

ಕನ್ನಡದ ಫೈಲಿಗೆ ಇದನ್ನು ಬಳಸುವವರು ಒಂದು ಸಂಗತಿ ತಿಳಿದಿರಬೇಕು. ಪುಟ ಸಂಖ್ಯೆಯ ಸಾಲು ಹೋಗಲಿ ಎಂದು 'ಪುಟ' ಅಂತ ಕೊಟ್ಟು ನೋಡಿ, ಪುಟ್ಟಪ್ಪ ಎನ್ನುವ ರೈತರೆಲ್ಲರ ಲಾಟ್‌ಗಳೂ ಅದರೊಂದಿಗೆ ಮಾಯ! ನಮ್ಮ ಕಣ್ಣಿಗೆ 'ಟ್ಟ' ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಟ, ವಿರಾಮ ಎಂಬ ಅರ್ಧಾಕ್ಷರದ ಚಿಹ್ನೆ (್), ಮತ್ತೊಂದು ಟ. ಹಾಗಾಗಿ ಪುಟ್ಟಪ್ಪನ ಹೊಟ್ಟೆಯೊಳಗೆ 'ಪುಟ' ಇಡಿಯಾಗಿ ಕೂತಿದೆ. ಮುಂದಿನ ಕೋಲನ್ ಸೇರಿಸಿ 'ಪುಟ:' ಎಂದರೆ ಕ್ಷೇಮ.

ಚುಕ್ಕಿಯದು ಬೇರೆ ಆಟ. ಗ್ರೆಪ್‌ನ ಪಾಲಿಗೆ ಚುಕ್ಕಿ ಎಂದರೆ ಯಾವುದಾದರೂ ಒಂದು ಅಕ್ಷರ, ಹೀಗಾಗಿ 'ರೂ.' ಎಂದು ಕೊಟ್ಟರೆ ರೂಪಾ ಎಂಬ ಹೆಸರೂ ಸಿಕ್ಕಿಬೀಳುತ್ತದೆ. ಇದಕ್ಕೆ ಮೈನಸ್ ಕ್ಯಾಪಿಟಲ್ ಎಫ್ ಹಾಕಿದರೆ ಚುಕ್ಕಿಯನ್ನು ಚುಕ್ಕಿಯಾಗಿಯೇ ಓದುತ್ತದೆ. ಗೀಟಿನ ಸಾಲು ಮೈನಸ್‌ನಿಂದಲೇ ಶುರುವಾಗುವುದರಿಂದ ಅದರ ಮುಂದೆ ಮೈನಸ್ ಇ ಇರಬೇಕು, ಇಲ್ಲವಾದರೆ ಇದೂ ಒಂದು ಆಯ್ಕೆ ಎಂದು ತಿಳಿದು ತಕರಾರು ಮಾಡುತ್ತದೆ.

ಬೇಡದ ಪದಗಳನ್ನೆಲ್ಲ ಸಾಲಿಗೊಂದರಂತೆ ಒಂದು ಫೈಲಿನಲ್ಲಿ ಬರೆದು, ಮೈನಸ್ ಸಣ್ಣ ಎಫ್ ಮೂಲಕ ಕೊಡುವ ಸೌಲಭ್ಯವೂ ಇದೆ. ನಾನು ದಿನಾ ಬಳಸುವುದು ಇದನ್ನೇ. ಆ ಪಟ್ಟಿಯಲ್ಲಿ ಒಂದೇ ಒಂದು ಖಾಲಿ ಸಾಲು ಉಳಿದರೂ ಅದು ಎಲ್ಲ ಸಾಲಿಗೂ ಹೊಂದುತ್ತದೆ, ಫಲಿತಾಂಶ ಬರಿದು. ಅದಕ್ಕೇ ಮೊದಲು ಮೈನಸ್ ವಿ ಇಲ್ಲದೆ ಓಡಿಸಿ ಏನೇನು ಹೋಗಲಿದೆ ನೋಡುತ್ತೇನೆ, ಮೈನಸ್ ಸಿ ಇಂದ ಸಾಲು ಎಣಿಸುತ್ತೇನೆ, ಆಮೇಲೆ ತೆಗೆಯುತ್ತೇನೆ. ವಿಂಡೋಸ್‌ನಿಂದ ಬಂದ ಫೈಲಾದರೆ ಖಾಲಿ ಕಾಣುವ ಸಾಲಿನಲ್ಲೂ ಕಾಣದ ಒಂದು ಚಿಹ್ನೆ ಇರುತ್ತದೆ, ಮೊದಲು ಅದನ್ನು ತೆಗೆಯದಿದ್ದರೆ ಖಾಲಿ ಸಾಲುಗಳು ಹೋಗುವುದಿಲ್ಲ.

ಕಾಲಂ ನೋಡಿ ತೆಗೆಯಬೇಕಾದರೆ, ಉದಾಹರಣೆಗೆ ತೂಕ ಸೊನ್ನೆ ಇರುವ ಲಾಟ್‌ಗಳು, ಗ್ರೆಪ್ ಜೊತೆ ಗುದ್ದಾಡಬೇಡಿ. ಅದು ಕಾಲಂ ಲೆಕ್ಕದಲ್ಲಿ ಓದುವ ಆಕ್ (awk) ಎಂಬ ಇನ್ನೊಂದು ಉಪಕರಣದ ಕೆಲಸ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು 'ಹಾವೇರಿ'ಗೆ. ಹಳೆಯ ಅಕ್ಷರಶೈಲಿಯಿಂದ ಯುನಿಕೋಡ್‌ಗೆ ಪರಿವರ್ತಿಸಿದ ಕೆಲವು ಫೈಲುಗಳಲ್ಲಿ 'ವೇ' ಎಂಬುದು ವ, ಎತ್ವ, ದೀರ್ಘ ಎಂದು ಬಿಡಿಬಿಡಿಯಾಗಿ ಇರುತ್ತದೆ, ಕೀಲಿಮಣೆಯಲ್ಲಿ ನಾವು ಒತ್ತಿದಾಗ ಏತ್ವ ಒಂದೇ ಸಂಕೇತವಾಗಿ ಬರುತ್ತದೆ. ಪರದೆ ಮೇಲೆ ಎರಡೂ ಹಾವೇರಿಯೇ, ಗ್ರೆಪ್‌ಗೆ ಮಾತ್ರ ಎರಡು ಬೇರೆ ಊರು. ಅಂಥ ಫೈಲನ್ನು ಮೊದಲು ಐಸಿಯು ಎಂಬ ಯುನಿಕೋಡ್ ತಂತ್ರಾಂಶದ ಜೊತೆ ಬರುವ ಯೂಕಾನ್ವ್ (uconv) ಉಪಕರಣದಲ್ಲಿ ಎನ್ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಸಂಕೇತಗಳು ಒಂದಾಗಿ ಸೇರಿದ ರೂಪಕ್ಕೆ ತಂದು, ಆಮೇಲೆ ಗ್ರೆಪ್‌ಗೆ ಕೊಡಿ.