12 ಗಂಟೆ ಓಟಕ್ಕೆ ಫೋರ್‌ರನ್ನರ್ 255: ಯಾವ ಅಂಕಿ ನೋಡಬೇಕು

ಓಟಗಾರರ ಜಿಪಿಎಸ್ ವಾಚು ಗಾರ್ಮಿನ್ ಫೋರ್‌ರನ್ನರ್ 255 ಬಂದದ್ದು 2022ರಲ್ಲಿ. ಅದೇ ವರ್ಷ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಏಷ್ಯಾ–ಓಷಿಯಾನಿಯಾ 24 ಗಂಟೆ ಚಾಂಪಿಯನ್‌ಷಿಪ್ ನಡೆಯಿತು. ಇಂಥ ಟ್ರ್ಯಾಕ್ ಓಟಗಳಿಗೆ ಮೈಸೂರು, ಮಂಡ್ಯದಲ್ಲಿ ತಯಾರಿ ಮಾಡುವವರಿಗೆ ಈ ವಾಚು ಈಗಲೂ ಸಾಕು. ಆದರೆ ಡಬ್ಬಿಯಿಂದ ತೆಗೆದ ಹಾಗೇ ಕಟ್ಟಿಕೊಂಡು ಓಡಿದರೆ ದಾರಿ ತಪ್ಪಿಸುತ್ತದೆ. ಪರದೆಯ ಮೇಲೆ ದೊಡ್ಡದಾಗಿ ಕಾಣುವ ಈ ಕ್ಷಣದ ವೇಗ ಮ್ಯಾರಥಾನ್‌ಗೆ ಸರಿ. ನಿಗದಿತ ಗಂಟೆಗಳಲ್ಲಿ ಎಷ್ಟು ದೂರ ಎಂದು ಅಳೆಯುವ ಗಂಟೆ ಲೆಕ್ಕದ ಓಟದಲ್ಲಿ ನಿಂತು ನೀರು ಕುಡಿದ ಎರಡು ನಿಮಿಷವೂ ಖರ್ಚಿಗೆ ಸೇರುತ್ತದೆ. ಆ ಖರ್ಚನ್ನು ತೋರಿಸುವ ಅಂಕಿ ಬೇರೆ ಇದೆ.

12 ಗಂಟೆಯಲ್ಲಿ 100 ಕಿ.ಮೀ. ಗುರಿ ಎಂದುಕೊಳ್ಳಿ. 400 ಮೀಟರ್ ಟ್ರ್ಯಾಕಿನಲ್ಲಿ 250 ಸುತ್ತು. ಪ್ರತಿ ಸುತ್ತಿಗೂ ಲ್ಯಾಪ್ ಗುಂಡಿ ಒತ್ತುವುದು ಆಗದ ಮಾತು, ಎಂಟನೇ ಗಂಟೆಗೆ ಮರೆತೇ ಹೋಗುತ್ತದೆ. ಐದು ಸುತ್ತಿಗೊಮ್ಮೆ ಒತ್ತಿ. 2 ಕಿ.ಮೀ.ಗೆ ಒಂದು ಕಂತು, ಒಟ್ಟು 50 ಕಂತು. ಪರದೆಯಲ್ಲಿ ಮೂರೇ ಅಂಕಿ ಇಟ್ಟುಕೊಳ್ಳಿ: ಟೈಮರ್, ಲ್ಯಾಪ್‌ಗಳ ಸಂಖ್ಯೆ, ಸರಾಸರಿ ಲ್ಯಾಪ್ ಸಮಯ. ಆಟೊ ಪಾಜ್ ಮತ್ತು ಆಟೊ ಲ್ಯಾಪ್ (ವಾಚು ತಾನೇ ಲ್ಯಾಪ್ ಗುರುತಿಸುವುದು) ಎರಡನ್ನೂ ಆಫ್ ಮಾಡಿ. ಆಟೊ ಪಾಜ್ ಆನ್ ಇದ್ದರೆ ನೀವು ನಿಂತಾಗ ಟೈಮರೂ ನಿಲ್ಲುತ್ತದೆ, ಸರಾಸರಿ ಸುಳ್ಳು ಹೇಳುತ್ತದೆ.

ಈಗ ಹಂಚಿಕೆ. 50 ಕಂತನ್ನು ಸಮನಾಗಿ ಹಂಚಿದ ಯೋಜನೆ ಕಾಗದದ ಮೇಲಷ್ಟೇ ಚೆಂದ. ಕಾಲು ಸೋಲುವುದು ಖಚಿತವಾದ್ದರಿಂದ ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಮೊದಲ ನಾಲ್ಕು ಗಂಟೆಗೆ 18 ಕಂತು, ನಡುವಿನ ನಾಲ್ಕಕ್ಕೆ 17, ಕೊನೆಯ ನಾಲ್ಕಕ್ಕೆ 15. ಪ್ರತಿ ನಾಲ್ಕು ಗಂಟೆಯಲ್ಲೂ ಊಟ, ಶೌಚ, ಶೂ ಬದಲಾವಣೆಗೆ 15 ನಿಮಿಷ ತೆಗೆದಿಟ್ಟರೆ ಸುತ್ತಿನ ಸಮಯ ಕ್ರಮವಾಗಿ 2:30, 2:39, 3:00 ಆಗುತ್ತದೆ. ಐದು ಸುತ್ತಿನ ಕಂತಿಗೆ, ಆ ಬಿಡುವೂ ಸೇರಿ, ವಾಚಿನ ಸರಾಸರಿ ಲ್ಯಾಪ್ 4 ಗಂಟೆಗೆ 13:20, 8 ಗಂಟೆಗೆ 13:43, 12 ಗಂಟೆಗೆ 14:24 ತೋರಿಸಬೇಕು. ಈ ಮೂರು ಅಂಕಿಯನ್ನು ಬಿಬ್‌ನ (ಎದೆಗೆ ಹಚ್ಚುವ ಸಂಖ್ಯೆಯ ಚೀಟಿ) ಹಿಂಬದಿಯಲ್ಲಿ ಬರೆದುಕೊಳ್ಳಿ. 4 ಗಂಟೆಗೆ 12:30 ಕಂಡರೆ ಖುಷಿಪಡುವ ವಿಷಯವಲ್ಲ, ಮುಂದಿನ ಕಂತುಗಳ ಶಕ್ತಿಯನ್ನು ಆಗಲೇ ಸುಟ್ಟಾಗಿದೆ.

ನಡಿಗೆಯನ್ನೂ ಇದರಲ್ಲೇ ಸೇರಿಸಿಕೊಳ್ಳಬೇಕು. ಹತ್ತು ಸುತ್ತಿಗೊಂದನ್ನು 4:18ರಲ್ಲಿ ನಡೆದರೆ, 2:30ರ ಸರಾಸರಿ ಉಳಿಯಲು ಮಿಕ್ಕ ಒಂಬತ್ತನ್ನು 2:18ರಲ್ಲಿ ಓಡಬೇಕು. ಅಂದರೆ ಕಿಲೋಮೀಟರಿಗೆ 5:45. ಮೊದಲ ಗಂಟೆಯಲ್ಲೇ ಆ ವೇಗಕ್ಕೆ ಏದುಸಿರು ಬರುವುದಾದರೆ 100ರ ಗುರಿ ನಿಮ್ಮದಲ್ಲ, 90ಕ್ಕೆ ಲೆಕ್ಕ ಹಾಕಿ. ಈ ಪರೀಕ್ಷೆಯನ್ನು ಓಟದ ದಿನಕ್ಕೆ ಬಿಡದೆ, ತಿಂಗಳ ಮೊದಲೇ ಮೂರು ಗಂಟೆಯ ಅಭ್ಯಾಸದಲ್ಲಿ ಮಾಡಿ.

ವಾಚಿನ ಟ್ರ್ಯಾಕ್ ರನ್ ವಿಧಾನ ನಿಜಕ್ಕೂ ಉಪಯುಕ್ತ. ಲೇನ್ ಸಂಖ್ಯೆ ಕೊಟ್ಟರೆ ಟ್ರ್ಯಾಕಿನ ಅಳತೆಗೆ ದೂರವನ್ನು ಹೊಂದಿಸಿಕೊಳ್ಳುತ್ತದೆ. ಸಾಮಾನ್ಯ ರನ್ ವಿಧಾನದಲ್ಲಿ ತಿರುವುಗಳಲ್ಲಿ ಜಿಪಿಎಸ್ ಅತ್ತಿತ್ತ ಸರಿಯುತ್ತದೆ. ಶೇ. 2ರಷ್ಟು ಹೆಚ್ಚು ತೋರಿಸಿದರೂ ವಾಚಿನ 100 ಕಿ.ಮೀ. ವಾಸ್ತವದಲ್ಲಿ 98, ಐದು ಸುತ್ತು ಕಡಿಮೆ. ಇನ್ನೊಂದು ಸೋರಿಕೆಯನ್ನು ಯಾವ ವಾಚೂ ತಡೆಯದು: ಎರಡನೇ ಲೇನಿನ ಸುತ್ತು ಸುಮಾರು 407 ಮೀಟರ್, ಆಯೋಜಕರು ಎಣಿಸುವುದು 400. 250 ಸುತ್ತೂ ಅಲ್ಲೇ ಓಡಿದರೆ ಒಂದೂಮುಕ್ಕಾಲು ಕಿ.ಮೀ. ದಂಡ. ಮುಂದಿನವರನ್ನು ನೇರ ಭಾಗದಲ್ಲೇ ದಾಟಿ, ತಿರುವಿನಲ್ಲಿ ಬೇಡ. ಅಧಿಕೃತ ಲೆಕ್ಕ ಸುತ್ತು ಎಣಿಸುವ ಎಲೆಕ್ಟ್ರಾನಿಕ್ ಚಿಪ್‌ನದೇ ಆದ್ದರಿಂದ ಗಂಟೆಗೊಮ್ಮೆ ಆಯೋಜಕರ ಪರದೆಗೆ ನಿಮ್ಮ ಕಂತನ್ನು ತಾಳೆ ನೋಡಿ. ಒತ್ತಲು ಮರೆತಿದ್ದರೆ ಸರಾಸರಿ ಒಮ್ಮೆಲೇ ಏರಿರುತ್ತದೆ.

ಅಭ್ಯಾಸಕ್ಕೆ ಮೈಸೂರಿನ ನಜರ್‌ಬಾದಿನ ಚಾಮುಂಡಿ ವಿಹಾರ ಕ್ರೀಡಾಂಗಣದ ಟ್ರ್ಯಾಕೇ ಸರಿಯಾದ ಜಾಗ. ಕುಕ್ಕರಹಳ್ಳಿ ಕೆರೆಯ ದಾರಿ ನೆರಳಿಗೆ ಹಿತ, ಆದರೆ ಮರಗಳ ಅಡಿಯಲ್ಲಿ ಜಿಪಿಎಸ್ ವೇಗ ಕುಣಿಯುತ್ತದೆ. ಅಲ್ಲಿ ಒಂದೇ ಗೇಟಿನ ಬಳಿ ಗುಂಡಿ ಒತ್ತಿ ಸುತ್ತಿನ ಸಮಯವನ್ನಷ್ಟೇ ನೋಡಿ. ಅರ್ಧ ಗಂಟೆಗೊಂದು ಅಲರ್ಟ್ ಇಟ್ಟುಕೊಂಡು ಬಾಳೆಹಣ್ಣೋ ಬೆಲ್ಲವೋ ಉಪ್ಪು ಹಾಕಿದ ನಿಂಬೆ ಪಾನಕವೋ ಹೊಟ್ಟೆಗೆ ಒಗ್ಗಿಸಿಕೊಳ್ಳಲೂ ಅದೇ ಒಳ್ಳೆಯ ಜಾಗ.

ಕೊರತೆಗಳೂ ಇವೆ. ವೇಗದ ಯೋಜನೆ ಹಾಕಿಕೊಡುವ ಪೇಸ್‌ಪ್ರೊ ದೂರ ನಿಗದಿಯಾದ ಓಟಕ್ಕೆ ಮಾಡಿದ್ದು, ಇಲ್ಲಿ ಅದನ್ನು ನೆಚ್ಚಬೇಡಿ. ಓಟದ ಸಮಯ ಅಂದಾಜಿಸುವ ರೇಸ್ ಪ್ರೆಡಿಕ್ಟರ್ ಮ್ಯಾರಥಾನ್‌ಗೇ ನಿಲ್ಲುತ್ತದೆ. ಜಿಪಿಎಸ್ ಮಾತ್ರ ಇಟ್ಟರೆ ಬ್ಯಾಟರಿ 30 ಗಂಟೆ, ಒಂದಕ್ಕಿಂತ ಹೆಚ್ಚು ತರಂಗಾಂತರದ ಉಪಗ್ರಹ ಸಂಕೇತ ಹಿಡಿಯುವ ಮಲ್ಟಿಬ್ಯಾಂಡ್‌ನಲ್ಲಿ 16 ಎಂದು ಕಂಪನಿಯ ಲೆಕ್ಕ. ಹಳತಾದಂತೆ ಅದು ಇಳಿಯುತ್ತದೆ, ಹಾಗಾಗಿ 24 ಗಂಟೆಯ ಓಟಕ್ಕೆ ಮಲ್ಟಿಬ್ಯಾಂಡ್ ಬೇಡವೇ ಬೇಡ. ಚಾರ್ಜಿಂಗ್ ಜಾಗ ವಾಚಿನ ಹಿಂಬದಿಯಲ್ಲಿರುವುದರಿಂದ ಕೈಗೆ ಕಟ್ಟಿಕೊಂಡೇ ಪವರ್ ಬ್ಯಾಂಕ್ ಹಾಕಲಾಗದು. ಗುಂಡಿಗಳು ಮಾತ್ರ ಬೆವರು, ಮಳೆಯಲ್ಲೂ ಕೈಕೊಡುವುದಿಲ್ಲ. ಟಚ್ ಪರದೆ ಇಲ್ಲದಿರುವುದೇ ಇಲ್ಲಿ ಲಾಭ.

ಎಂಟನೇ ಗಂಟೆಯ ನಿರ್ಧಾರವನ್ನು ಮನೆಯಲ್ಲೇ ಮಾಡಿಟ್ಟುಕೊಳ್ಳಿ. ಆಗ 35ರ ಬದಲು 33 ಕಂತು ಕಂಡರೆ, 100 ಮುಟ್ಟಲು ಉಳಿದ ಸುತ್ತುಗಳನ್ನು ಮತ್ತೆ 2:39ಕ್ಕೆ ಓಡಬೇಕಾಗುತ್ತದೆ. ಅದೇ ತಾನೇ 3:00ಕ್ಕೆ ಇಳಿದ ಕಾಲು ಅದಕ್ಕೆ ಒಪ್ಪುವುದು ಅಪರೂಪ. 15 ಕಂತು ಹಿಡಿದುಕೊಂಡು 96 ಕಿ.ಮೀ.ಗೆ ಓಡಿ. ಬಿಬ್‌ನ ಹಿಂಬದಿಯಲ್ಲಿ ಆ ಎರಡನೇ ಸಾಲಿಗೂ ಜಾಗ ಬಿಟ್ಟಿರಿ.