ಅಳೆಯುವುದು ಗಟ್ಟಿ, ಲೀಡ್ ಹಚ್ಚುವುದು ಸಡಿಲ: ಮೈಸೂರಿನ ಒಂದು ಇಸಿಜಿ ತರಗತಿ

ಸರಸ್ವತಿಪುರಂನಲ್ಲಿ ಶನಿವಾರ-ಭಾನುವಾರ ನಡೆಯುವ ಈ ತರಗತಿಗೆ ಬರುವವರಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಐಸಿಯು ಸಿಸ್ಟರ್‌ಗಳು, ಮಂಡ್ಯ-ಮದ್ದೂರು ಕಡೆಯ ನರ್ಸಿಂಗ್ ಹೋಂಗಳ ಟೆಕ್ನಿಷಿಯನ್‌ಗಳೇ ಹೆಚ್ಚು. ಇಸಿಜಿ, ಅಂದರೆ ಹೃದಯದ ವಿದ್ಯುತ್ ಚಟುವಟಿಕೆಯ ಗೆರೆಚಿತ್ರ ನೋಡಿ ಹೃದಯದ ಲಯ ಓದುವುದನ್ನು ಇಲ್ಲಿ ಚೆನ್ನಾಗಿ ಕಲಿಸುತ್ತಾರೆ. ಮೈಗೆ ಲೀಡ್ (ಹೃದಯದ ವಿದ್ಯುತ್ ಸಂಕೇತ ಹಿಡಿಯುವ ತಂತಿ) ಹಚ್ಚಿ ಇಸಿಜಿ ತೆಗೆಯುವ ವಿಷಯಕ್ಕೆ ಬಂದರೆ ಅಷ್ಟಕ್ಕಷ್ಟೆ.

ಸ್ಟ್ರಿಪ್ (ಇಸಿಜಿ ಮೂಡಿದ ಕಾಗದದ ಪಟ್ಟಿ) ಕೈಗೆ ಸಿಕ್ಕ ಕೂಡಲೇ ‘ಇದು ಎಎಫ್’ (ಏಟ್ರಿಯಲ್ ಫಿಬ್ರಿಲೇಷನ್, ತಾಳ ತಪ್ಪಿದ ಲಯ) ಎಂದು ಹೆಸರಿಡಲು ಬಿಡುವುದಿಲ್ಲ, ಅದೇ ದೊಡ್ಡ ಗುಣ. ಮೊದಲು ಪೇಪರ್ ಓಡುವ ಸ್ಪೀಡ್ ಸೆಕೆಂಡಿಗೆ 25 ಮಿ.ಮೀ. ಇದೆಯೇ, ಅಲೆಗಳ ಎತ್ತರಕ್ಕೆ ಅಳತೆಗೋಲಾದ ಕ್ಯಾಲಿಬ್ರೇಷನ್ ಗುರುತು 10 ಮಿ.ಮೀ. ಎತ್ತರವಿದೆಯೇ ನೋಡಬೇಕು. 50ರ ಸ್ಪೀಡಿನಲ್ಲಿ ತೆಗೆದ ಸ್ಟ್ರಿಪ್ ಒಂದನ್ನು ಬೇಕೆಂದೇ ನಡುವೆ ಸೇರಿಸಿರುತ್ತಾರೆ. ಗಮನಿಸದವರಿಗೆ 80ರ ಬಡಿತ 40 ಆಗಿ ಕಾಣುತ್ತದೆ, ಕ್ಯೂಆರ್‌ಎಸ್ (ಹೃದಯದ ಕೆಳಗಿನ ಕೋಣೆಗಳ ಚೂಪಾದ ಅಲೆ) ಕೂಡ ಅಗಲವಾಗಿ ಹೆದರಿಸುತ್ತದೆ. ಲಯ ಸಮವಾಗಿದ್ದರೆ ನಿಮಿಷದ ಬಡಿತ ತಿಳಿಯಲು 300ನ್ನು ಎರಡು ಆರ್‌ಗಳ (ಕ್ಯೂಆರ್‌ಎಸ್‌ನ ಮೇಲ್ಮುಖ ಮೊನೆ) ನಡುವಿನ ದೊಡ್ಡ ಚೌಕಗಳ ಸಂಖ್ಯೆಯಿಂದ ಭಾಗಿಸಿದರೆ ಸಾಕು. ಏರುಪೇರಿದ್ದರೆ ಆ ಲೆಕ್ಕ ಕೈಕೊಡುತ್ತದೆ. ಆಗ 30 ದೊಡ್ಡ ಚೌಕಗಳಲ್ಲಿ, ಅಂದರೆ 6 ಸೆಕೆಂಡಿನಲ್ಲಿ, ಬಂದ ಕ್ಯೂಆರ್‌ಎಸ್‌ಗಳನ್ನು ಎಣಿಸಿ 10ರಿಂದ ಗುಣಿಸಬೇಕು.

ಶನಿವಾರ ಮಧ್ಯಾಹ್ನದ ಹಾರ್ಟ್ ಬ್ಲಾಕ್ (ಮೇಲಿನ ಕೋಣೆಗಳ ಸಂಕೇತ ಕೆಳಗಿನ ಕೋಣೆಗಳಿಗೆ ತಡವಾಗಿ ತಲುಪುವುದು ಇಲ್ಲವೇ ತಲುಪದಿರುವುದು) ಪಾಠವೊಂದಕ್ಕೇ ಶುಲ್ಕ ಕೊಡಬಹುದು. ಡಿವೈಡರ್‌ನ ಎರಡು ಮೊನೆಗಳನ್ನು ಅಕ್ಕಪಕ್ಕದ, ಮೇಲಿನ ಕೋಣೆಗಳ ಅಲೆಯಾದ ಪಿ ವೇವ್‌ಗಳ ಮೇಲಿಟ್ಟು, ಅದೇ ಅಳತೆಯಲ್ಲಿ ಸ್ಟ್ರಿಪ್ ಉದ್ದಕ್ಕೂ ಹೆಜ್ಜೆ ಹಾಕಿಸುತ್ತಾರೆ. ಕ್ಯೂಆರ್‌ಎಸ್ ನಂತರದ ಟಿ ವೇವ್ ಒಳಗೆ ಅಡಗಿ ಕೂತ ಪಿ ಹೀಗೆ ಸಿಕ್ಕಿಬೀಳುತ್ತದೆ. ಬ್ಲಾಕ್‌ನ ಒಂದು ಬಗೆಯಾದ ವೆಂಕೆಬಾಕ್‌ನಲ್ಲಿ ಪಿಆರ್ (ಪಿ ಶುರುವಾದಾಗಿನಿಂದ ಕ್ಯೂಆರ್‌ಎಸ್ ಶುರುವಾಗುವವರೆಗಿನ ಅವಧಿ) ಹಂತ ಹಂತವಾಗಿ ಉದ್ದವಾಗುತ್ತದೆ ಎಂದು ಬಾಯಿಪಾಠ ಮಾಡಿದವರು ಪಕ್ಕಪಕ್ಕದ ಬೀಟ್ ನೋಡಿ ವ್ಯತ್ಯಾಸ ಕಾಣದೆ ಮೊಬಿಟ್ಜ್ 2 (ಪಿಆರ್ ಬದಲಾಗದೆ ಬೀಟ್ ತಪ್ಪುವ ಬಗೆ) ಎಂದು ಬರೆದುಬಿಡುತ್ತಾರೆ. ಬೀಟ್ ತಪ್ಪುವ ಮುಂಚಿನ ಪಿಆರ್ ಮತ್ತು ತಪ್ಪಿದ ಮೇಲಿನ ಮೊದಲ ಪಿಆರ್, ಇವೆರಡನ್ನೇ ಹೋಲಿಸಿ ಎನ್ನುವುದು ಇಲ್ಲಿನ ಪಾಠ. ಎರಡು ಪಿಗೆ ಒಂದು ಕ್ಯೂಆರ್‌ಎಸ್ ಮಾತ್ರ ಬರುತ್ತಿದ್ದರೆ ಆ ಸ್ಟ್ರಿಪ್ ಒಂದರಿಂದಲೇ ಯಾವ ಬಗೆ ಎಂದು ಹೇಳಲಾಗದು ಎಂಬುದನ್ನೂ ಒಪ್ಪಿಕೊಳ್ಳುತ್ತಾರೆ. ಬಡಿತ 150ರ ಆಸುಪಾಸಿನಲ್ಲಿ ಕದಲದೆ ನಿಂತಿದ್ದರೆ ಲೀಡ್ 2 ಮತ್ತು ವಿ1ರಲ್ಲಿ (ಬೇರೆ ಬೇರೆ ಲೀಡ್‌ಗಳಿಂದ ಮೂಡುವ ಗೆರೆಗಳಿಗೂ ಲೀಡ್ ಎಂದೇ ಹೆಸರು) ಫ್ಲಟರ್, ಅಂದರೆ ಮೇಲಿನ ಕೋಣೆಗಳು ಅತಿವೇಗದಲ್ಲಿ ಬಡಿದು ಗರಗಸದಂತೆ ಕಾಣುವ ಲಯ, ಹುಡುಕಿಸುವುದೂ ಒಳ್ಳೆಯ ಅಭ್ಯಾಸ.

ಇಷ್ಟೆಲ್ಲ ಮಾಡಿ ಲೀಡ್ ಹಚ್ಚುವುದನ್ನು ಭಾನುವಾರ ಊಟದ ನಂತರ, ಅರ್ಧ ಜನ ತೂಕಡಿಸುವಾಗ, ಒಂದೇ ಚಿತ್ರ ತೋರಿಸಿ ಮುಗಿಸುತ್ತಾರೆ. ವಾರ್ಡಿನಲ್ಲಿ ಎಡವಟ್ಟಾಗುವುದು ಅಲ್ಲೇ. ಎದೆಮೂಳೆಯ ಮೇಲ್ಭಾಗದ ಉಬ್ಬು ಗೆರೆಗೆ ಬೆರಳಿಟ್ಟರೆ ಪಕ್ಕದಲ್ಲಿ ಎರಡನೇ ಪಕ್ಕೆಲುಬು, ಅದರ ಕೆಳಗೆ ಎರಡನೇ ಸಂದು. ಇನ್ನೆರಡು ಸಂದು ಇಳಿದರೆ ಎದೆಯ ಮೊದಲೆರಡು ಲೀಡ್‌ಗಳಾದ ವಿ1, ವಿ2ರ ಜಾಗ. ಒಂದೆರಡು ಸಂದು ಮೇಲೆ ಹಚ್ಚಿದರೆ ಆರ್ ಕುಗ್ಗಿ, ಎಂದೋ ಹಾರ್ಟ್ ಅಟ್ಯಾಕ್ ಆಗಿದ್ದಂತೆ ತೋರಬಹುದು. ಎರಡು ಕೈಗಳ ಲೀಡ್ ಅದಲುಬದಲಾದರೆ ಲೀಡ್ 1 ತಲೆಕೆಳಗಾಗುತ್ತದೆ, ಬಲಗೈ ಕಡೆಯಿಂದ ನೋಡುವ ಲೀಡ್ ಎವಿಆರ್ ನೆಟ್ಟಗಾಗುತ್ತದೆ, ಎದೆಯ ಲೀಡ್‌ಗಳು ಮಾತ್ರ ಸರಿಯಾಗಿಯೇ ಇರುತ್ತವೆ. ತರಗತಿಯಲ್ಲಿ ಇದರ ಪ್ರಸ್ತಾಪವೇ ಇಲ್ಲ. ರೋಗಿಯ ಮೈ ನಡುಕವನ್ನು ಫ್ಲಟರ್ ಎಂದು ಓದುವ ತಪ್ಪಿನ ಬಗ್ಗೆಯೂ ಮಾತಿಲ್ಲ. ಬಲಗೈ ಮಾತ್ರ ನಡುಗುತ್ತಿದ್ದರೆ ಆ ಕೈಗೆ ಸಂಬಂಧವಿಲ್ಲದ ಲೀಡ್ 3 ಶುಭ್ರವಾಗಿರುತ್ತದೆ, ಅಷ್ಟು ಹೇಳಿದ್ದರೂ ಸಾಕಿತ್ತು.

ಕೈಪಿಡಿ ಇನ್ನೊಂದು ತಲೆನೋವು. ಎ4 ಹಾಳೆಯನ್ನು ಎ5ಕ್ಕೆ ಕುಗ್ಗಿಸಿ ಕಪ್ಪು-ಬಿಳುಪು ಜೆರಾಕ್ಸ್ ಮಾಡಿದ್ದಾರೆ. ಚಿಕ್ಕ ಚೌಕಗಳ ತೆಳು ಗೆರೆ ಮಾಯ. ಸರಿ, ಇಸಿಜಿ ಸ್ಕೇಲ್ ಇಟ್ಟು ಅಳೆಯೋಣ ಎಂದರೆ 5 ಮಿ.ಮೀ. ಚೌಕ ಮೂರೂವರೆಗೆ ಇಳಿದಿದೆ. 0.20 ಸೆಕೆಂಡಿನ ಪಿಆರ್ 0.14 ಎಂದು ಬರುತ್ತದೆ! ಅಳೆದೇ ಓದಿ ಎನ್ನುವವರು ಕೊಡುವ ಪುಸ್ತಕ ಇದು. ಥರ್ಮಲ್ ಪೇಪರ್ ಮಾಸುತ್ತದೆ, ನಕಲು ಬೇಕೇ ಬೇಕು, ನಿಜ. ಆದರೆ ಮೂಲ ಅಳತೆಯಲ್ಲೇ ಕಲರ್ ಪ್ರಿಂಟ್ ಕೊಡಬೇಕಿತ್ತು.

ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಪೋಸ್ಟಿಂಗ್ ಮಾಡಿ ಒಂದಷ್ಟು ಇಸಿಜಿ ಕೈಯಾರೆ ತೆಗೆದವರು ಧಾರಾಳವಾಗಿ ಸೇರಬಹುದು. ಲೀಡ್ ಮುಟ್ಟಿಯೇ ಗೊತ್ತಿಲ್ಲದವರು ಮೊದಲು ಅದನ್ನು ಕಲಿತು ಬರುವುದು ಮೇಲು. ಜಾಮಿಟ್ರಿ ಬಾಕ್ಸ್‌ನ ಡಿವೈಡರ್ ಜೊತೆಗಿರಲಿ, ಅಲ್ಲಿ ಕೊಡುವುದು ಸಡಿಲವಾಗಿದ್ದು ಅಳತೆ ನಿಲ್ಲುವುದಿಲ್ಲ. ದುಡ್ಡು ಕಟ್ಟುವ ಮುಂಚೆ ಬ್ಯಾಚ್‌ನಲ್ಲಿ ಎಷ್ಟು ಜನ ಎಂದು ಕೇಳಿಕೊಳ್ಳಿ. ಜನ ಹೆಚ್ಚಾದರೆ ಸ್ಟ್ರಿಪ್ ನಿಮ್ಮ ಕೈಗೆ ಬರುವಷ್ಟರಲ್ಲಿ ಉತ್ತರ ಬೋರ್ಡ್ ಮೇಲಿರುತ್ತದೆ.